ಪರಿಶೀಲನೆಯಲ್ಲಿದೆ

ಮಿಕ್ಸಿ ಕೆಟ್ಟು ಹದಿನೈದು ದಿನವಾಗಿತ್ತು. “ರಿಪೇರಿಗೆ ಕೊಟ್ರಾ?” ಅಂತ ಅಡುಗೆಮನೆಯಿಂದ ಪ್ರಶ್ನೆ ಬಂತು. ನಾನು ಟೀವಿಯಿಂದ ಕಣ್ಣು ಕೀಳದೆ “ಆ ವಿಷಯ ಗಮನದಲ್ಲಿದೆ” ಅಂದೆ. ಹೆಂಡತಿ ಕೈಯಲ್ಲಿ ಒಂದು ಹೋಳು ಕಾಯಿ ಹಿಡಿದುಕೊಂಡೇ ಹೊರಗೆ ಬಂದಳು. ಪರದೆಯ ಮೇಲೆ ಕೋಟು ಹಾಕಿದ ಒಬ್ಬ ಎತ್ತರದ ಮನುಷ್ಯ, ಇನ್ನೊಬ್ಬ ಕೋಟಿನವನಿಗೆ ಏನನ್ನೋ ಉಸಿರು ಬಿಡದೆ ಹೇಳುತ್ತಿದ್ದ. ಹಿನ್ನೆಲೆಯಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಎರಡು ನಿಮಿಷ ನಿಂತು ನೋಡಿದಳು. “ಇದರಲ್ಲಿ ನಗೋದಕ್ಕೆ ಏನಿದೆ? ಮೂವತ್ತು ವರ್ಷದಿಂದ ನಮ್ಮನೇಲಿ ಇದೇ ನಡೀತಿದೆಯಲ್ಲ. ನಾನೇನು ಟಿಕೆಟ್ ಇಟ್ಟಿದ್ದೀನಾ?” ಎಂದು ಒಳಗೆ ಹೋದಳು. ಆವತ್ತು ಚಟ್ನಿ ಒರಳಿನಲ್ಲಿ ಆಯಿತು. ರುಚಿ ಚೆನ್ನಾಗಿಯೇ ಇತ್ತು. ಹಾಗೆಂದು ಹೇಳುವ ಧೈರ್ಯ ಮಾಡಲಿಲ್ಲ.

ನಾನು ನೋಡುತ್ತಿದ್ದದ್ದು ‘ಯೆಸ್ ಮಿನಿಸ್ಟರ್’. ಎಷ್ಟನೆಯ ಸಲ ಎಂದು ಲೆಕ್ಕವಿಟ್ಟಿಲ್ಲ. ಬಿಬಿಸಿಯಲ್ಲಿ 1980ರ ಫೆಬ್ರವರಿಯಲ್ಲಿ ಶುರುವಾಗಿ, ನಾಯಕ ಮಂತ್ರಿಯಿಂದ ಪ್ರಧಾನಿಯಾಗಿ ಬಡ್ತಿ ಪಡೆದ ಮೇಲೆ ‘ಯೆಸ್, ಪ್ರೈಮ್ ಮಿನಿಸ್ಟರ್’ ಆಗಿ, 1988ರ ಜನವರಿಯಲ್ಲಿ ಮುಗಿದ ಹಾಸ್ಯ ಧಾರಾವಾಹಿ. ಒಟ್ಟು 38 ಕಂತು, ಅಷ್ಟೆ. ನಮ್ಮ ಕಡೆಯ ಒಂದು ಮೆಗಾ ಧಾರಾವಾಹಿಯಲ್ಲಿ 38 ಕಂತಿಗೆ ನಾಯಕಿ ಮೆಟ್ಟಿಲು ಇಳಿದು ಮುಗಿದಿರುವುದಿಲ್ಲ.

ಕಥೆ ಒಂದು ಸಾಲಿನದು. ಜಿಮ್ ಹ್ಯಾಕರ್ ಎಂಬ ರಾಜಕಾರಣಿ ‘ಆಡಳಿತ ವ್ಯವಹಾರಗಳ ಇಲಾಖೆ’ ಎಂಬ ಇಲ್ಲದ ಇಲಾಖೆಗೆ ಮಂತ್ರಿಯಾಗಿ ಬರುತ್ತಾನೆ. ಅವನಿಗೆ ಏನಾದರೂ ಮಾಡಬೇಕು, ಮಾಡಿದ್ದು ಪೇಪರಿನಲ್ಲಿ ಬರಬೇಕು. ಇಲಾಖೆಯ ಕಾಯಂ ಕಾರ್ಯದರ್ಶಿ ಸರ್ ಹಂಫ್ರಿ ಆಪಲ್‌ಬಿಗೆ ಏನೂ ಆಗಬಾರದು, ಆದರೆ ಆಗುತ್ತಿರುವಂತೆ ಕಾಣಬೇಕು. ಇವರಿಬ್ಬರ ನಡುವೆ ಮಂತ್ರಿಗಳ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿ. ಅವನು ದಿನವಿಡೀ ದುಡಿಯಬೇಕಾದದ್ದು ಮಂತ್ರಿಗೆ, ಅವನ ಬಡ್ತಿ ಇರುವುದು ಸರ್ ಹಂಫ್ರಿಯ ಕೈಯಲ್ಲಿ. ಮೂರು ಜನ, ಒಂದು ಮೇಜು, ನಾಲ್ಕು ಕುರ್ಚಿ. ಜನರ ಮುಂದೆ ಸ್ಟುಡಿಯೋದಲ್ಲಿ ನಾಟಕದ ಹಾಗೆ ಆಡಿ ಚಿತ್ರಿಸಿಕೊಂಡದ್ದರಿಂದ ಆ ನಗು ನಿಜವಾದ ನಗು.

ನನಗೆ ಮೊದಲು ಸಿಕ್ಕಿದ್ದು ಧಾರಾವಾಹಿಯಲ್ಲ, ಪುಸ್ತಕ. ಬರೆದವರಾದ ಆಂಟನಿ ಜೇ ಮತ್ತು ಜೊನಾಥನ್ ಲಿನ್ ಇಬ್ಬರೂ ಅದೇ ಕಂತುಗಳನ್ನು ಹ್ಯಾಕರ್‌ನ ದಿನಚರಿಯ ರೂಪದಲ್ಲಿ ಪುಸ್ತಕ ಮಾಡಿದ್ದರು. ಜಿಲ್ಲಾ ಕೇಂದ್ರದ ನಮ್ಮ ಕಚೇರಿಗೆ ತರಬೇತಿಗೆಂದು ಬಂದಿದ್ದ ಐಎಎಸ್ ಹುಡುಗನೊಬ್ಬ ವರ್ಗವಾಗಿ ಹೋಗುವಾಗ ಮೇಜಿನ ಡ್ರಾಯರಿನಲ್ಲಿ ಬಿಟ್ಟು ಹೋದ. ನಾನಾಗ ಪ್ರಥಮ ದರ್ಜೆ ಸಹಾಯಕ. ಆಡಳಿತದ ಪುಸ್ತಕ ಇರಬೇಕೆಂದು ಇಲಾಖಾ ಪರೀಕ್ಷೆಗೆ ಓದಲು ಮನೆಗೆ ತಂದೆ. ರಾತ್ರಿ ಒಂದೂವರೆಯವರೆಗೆ ಓದಿದೆ. ಇಲಾಖಾ ಪರೀಕ್ಷೆಯಲ್ಲಿ ಆ ಸಲ ಒಂದು ಪೇಪರು ಹೋಯಿತು, ಅದು ಬೇರೆ ಮಾತು.

ಆ ಪುಸ್ತಕ ಓದುವಾಗ ನನಗೆ ಕಂಡದ್ದು ಲಂಡನ್ನಿನ ವೈಟ್‌ಹಾಲ್ ಅಲ್ಲ. ನಮ್ಮ ಸೂಪರಿಂಟೆಂಡೆಂಟರು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಮೇಲಿನ ಕಚೇರಿಯಿಂದ ಒಂದು ಕಡತ ಕೇಳಿ ಮೂರನೆಯ ಜ್ಞಾಪನ ಬಂದಿತ್ತು. ಕಡತ ಎಲ್ಲೂ ಇರಲಿಲ್ಲ. ನಾನು ಪ್ರಾಮಾಣಿಕವಾಗಿ ಕರಡು ಬರೆದೆ: ಕಡತ ಕಳೆದುಹೋಗಿದೆ. ಸೂಪರಿಂಟೆಂಡೆಂಟರು ಕನ್ನಡಕವನ್ನು ಮೂಗಿನ ತುದಿಗೆ ತಂದು ಓದಿದರು. ನಶ್ಯದ ಕರವಸ್ತ್ರ ಬಲಗೈಯಿಂದ ಎಡಗೈಗೆ ಹೋಯಿತು. ಕೆಂಪು ಶಾಯಿಯ ಪೆನ್ನಿನಿಂದ ‘ಕಳೆದುಹೋಗಿದೆ’ ಎಂಬುದರ ಮೇಲೆ ಒಂದು ಗೆರೆ ಎಳೆದು, ಮೇಲೆ ಚಿಕ್ಕದಾಗಿ ‘ಸದ್ಯ ಲಭ್ಯವಾಗಿರುವುದಿಲ್ಲ’ ಎಂದು ಬರೆದರು.

“ನೋಡಯ್ಯಾ, ಕಳೆದುಹೋಗಿದೆ ಅಂದ್ರೆ ಯಾರೋ ಕಳೆದ್ರು ಅಂತಾಗತ್ತೆ. ಯಾರು ಕಳೆದ್ರು? ಅಂತ ಇನ್ನೊಂದು ಕಾಗದ ಬರತ್ತೆ. ಲಭ್ಯವಿಲ್ಲ ಅಂದ್ರೆ ಯಾರದ್ದೂ ತಪ್ಪಿಲ್ಲ. ಕಡತ ತಾನೇ ಎಲ್ಲೋ ಹೋಗಿದೆ. ‘ಸದ್ಯ’ ಅಂದ್ರೆ ನಾಳೆ ಬಂದ್ರೂ ಬರಬಹುದು.”

ನಾನು ತಲೆಯಾಡಿಸಿದೆ. “ಹುಡುಕ್ತಾ ಇದ್ದೀವಿ ಅಂತ ಸೇರಿಸ್ಲಾ ಸಾರ್?” ಅಂದೆ.

“ಹುಡುಕ್ತಾ ಇದ್ದೀಯಾ?”

“ಇಲ್ಲ ಸಾರ್.”

“ಮತ್ತೆ ಸುಳ್ಳು ಯಾಕೆ ಬರೀತೀಯಾ? ಕ್ರಮ ವಹಿಸಲಾಗುತ್ತಿದೆ ಅಂತ ಬರಿ.”

ಸರ್ ಹಂಫ್ರಿ ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ಓದಿದವನು. ನಮ್ಮವರು ಎಸ್ಸೆಸ್ಸೆಲ್ಸಿ. ವಿದ್ಯೆ ಒಂದೇ.

ಹಂಫ್ರಿಯ ಪಾತ್ರ ಮಾಡಿದ ನೈಜೆಲ್ ಹಾಥಾರ್ನ್ ಅವರಿಗೆ ಈ ಪಾತ್ರಕ್ಕಾಗಿ ನಾಲ್ಕು ಸಲ ಬಾಫ್ಟಾ ಪ್ರಶಸ್ತಿ ಬಂತು. ಮುಖ್ಯವಾಗಿ ಆ ವಾಕ್ಯಗಳಿಗೇ ಬಂದಿರಬೇಕು. ಕಂತಿನಲ್ಲಿ ಒಂದು ಸಲವಾದರೂ ಅವರು ಒಂದು ವಾಕ್ಯವನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುತ್ತಾರೆ ಎನ್ನುವುದೇ ಸರಿ, ರಾಗ ಎತ್ತಿಕೊಂಡ ಹಾಗೆ. ಮೊದಲು ವಿನಯದ ಆಲಾಪ, ಅದರೊಳಗೊಂದು ಷರತ್ತು, ಷರತ್ತಿಗೊಂದು ವಿನಾಯಿತಿ, ವಿನಾಯಿತಿಗೊಂದು ಹಿಂದಿನ ಉದಾಹರಣೆ. ಹ್ಯಾಕರ್‌ನ ಪಾತ್ರದ ಪಾಲ್ ಎಡಿಂಗ್ಟನ್ ಮುಖ ಮೊದಲು ಗಂಭೀರ, ಆಮೇಲೆ ಪೆಚ್ಚು, ಕೊನೆಗೆ ಬಸ್ಸು ತಪ್ಪಿಸಿಕೊಂಡವನ ಮುಖ. ವಾಕ್ಯ ಮುಗಿದಾಗ ಸ್ಟುಡಿಯೋದಲ್ಲಿ ಚಪ್ಪಾಳೆ. ಇಷ್ಟೆಲ್ಲ ಹೇಳಿದ್ದರ ಅರ್ಥವೇನೆಂದು ಕೇಳಿದರೆ ಒಂದು ಪದದ ಉತ್ತರ: ಆಗುವುದಿಲ್ಲ.

ಇಂಗ್ಲಿಷಿನಲ್ಲಿ ಇದು ಸರ್ಕಸ್ಸು. ಆ ಭಾಷೆಯಲ್ಲಿ ಕರ್ತೃ ಮೊದಲು ಬಂದು ನಿಲ್ಲುತ್ತಾನೆ, ಕ್ರಿಯಾಪದ ಅವನ ಬೆನ್ನಿಗೇ ಬರಲು ಹವಣಿಸುತ್ತದೆ. ಪಾಪ ಹಂಫ್ರಿ ಎರಡನ್ನೂ ಒದ್ದು ದೂರ ಇಡಬೇಕು. ಕನ್ನಡದಲ್ಲಿ ಹುಟ್ಟಿದ್ದರೆ ಅವನಿಗೆ ಅರ್ಧ ಶ್ರಮ ಉಳಿಯುತ್ತಿತ್ತು. ನಮ್ಮ ಕ್ರಿಯಾಪದ ಮರ್ಯಾದಸ್ಥ, ಕೊನೆಯಲ್ಲೇ ಕೂರುತ್ತದೆ. ಕರ್ತೃವನ್ನು ಬಿಟ್ಟರೂ ಯಾರೂ ಕೇಳುವುದಿಲ್ಲ. ‘ಆದಾಗ್ಯೂ’, ‘ಹಿನ್ನೆಲೆಯಲ್ಲಿ’, ‘ಮೇರೆಗೆ’, ‘ಸದರಿ’ ಎಂಬ ನಾಲ್ಕು ಗೂಟ ಹೊಡೆದರೆ ಎಷ್ಟು ಉದ್ದದ ಹಗ್ಗವನ್ನಾದರೂ ಕಟ್ಟಬಹುದು. ನಾನೇ ಒಮ್ಮೆ ಹೀಗೆ ಬರೆದಿದ್ದೆ, ಒಂದು ಹಳ್ಳಿಯವರು ಕುಡಿಯುವ ನೀರಿನ ಪೈಪು ಕೇಳಿದ್ದಕ್ಕೆ: ‘ಸದರಿ ಪ್ರಸ್ತಾವನೆಗೆ ತಾತ್ವಿಕವಾಗಿ ಯಾವುದೇ ಆಕ್ಷೇಪಣೆ ಇರುವುದಿಲ್ಲವಾದರೂ, ಈ ಹಿಂದೆ ಹೊರಡಿಸಲಾದ ಸುತ್ತೋಲೆಗಳ ಹಿನ್ನೆಲೆಯಲ್ಲಿ ಹಾಗೂ ಸಂಬಂಧಪಟ್ಟ ಇತರೆ ಇಲಾಖೆಗಳ ಅಭಿಪ್ರಾಯ ಪಡೆಯುವ ಅಗತ್ಯವನ್ನು ಮನಗಂಡು, ಮುಂದೆ ಉದ್ಭವಿಸಬಹುದಾದ ಸಂದರ್ಭಗಳನ್ನು ಕೂಲಂಕಷವಾಗಿ ಅವಲೋಕಿಸಿದ ನಂತರವಷ್ಟೇ ಸೂಕ್ತ ನಿರ್ಣಯ ಕೈಗೊಳ್ಳುವುದು ಉಚಿತವೆಂದು ಭಾವಿಸಬಹುದಾಗಿದೆ.’ ಭಾವಿಸಿದವರು ಯಾರು? ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಬರೆದಾಗ ನನಗೆ ನಾಚಿಕೆಯಾಗಲಿಲ್ಲ. ಸೂಪರಿಂಟೆಂಡೆಂಟರು ಒಂದು ಅಕ್ಷರ ತಿದ್ದದೆ ರುಜು ಹಾಕಿದ್ದರಿಂದ ಹೆಮ್ಮೆಯೇ ಆಗಿತ್ತು.

ಕಾಲ ಕಳೆದ ಹಾಗೆ ಹಾಸ್ಯ ಹಳಸುತ್ತದೆ. ಆ ಕಾಲದ ರಾಜಕೀಯ ನಗೆಚಟಾಕಿಗಳನ್ನು ಇವತ್ತು ಓದಿದರೆ ಅಡಿಟಿಪ್ಪಣಿ ಬೇಕು. ‘ಯೆಸ್ ಮಿನಿಸ್ಟರ್’ಗೆ ಬೇಡ. ಜೇ ಮತ್ತು ಲಿನ್ ಮೊದಲೇ ಜಾಣತನ ಮಾಡಿದ್ದರು. ಹ್ಯಾಕರ್ ಯಾವ ಪಕ್ಷದವನೆಂದು ಎಂಟು ವರ್ಷದಲ್ಲಿ ಒಮ್ಮೆಯೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಚುನಾವಣೆಗೆ ನಿಂತವರು ಎದೆಗೆ ಪಕ್ಷದ ಬಣ್ಣದ ರಿಬ್ಬನ್ ಹೂವು ಚುಚ್ಚಿಕೊಳ್ಳುತ್ತಾರಲ್ಲ, ಮೊದಲ ಕಂತಿನಲ್ಲಿ ಹ್ಯಾಕರ್‌ನ ಹೂವು ಬಿಳಿ. ಹಾಗಿದ್ದರೂ ಬಿಬಿಸಿಗೆ ಪುಕ್ಕಲು. ಮೊದಲ ಕಂತನ್ನು 1979ರಲ್ಲೇ ಮಾಡಿಟ್ಟುಕೊಂಡು, ಆ ವರ್ಷದ ಮಹಾಚುನಾವಣೆ ಮುಗಿಯಲಿ ಎಂದು ತಡೆದರು. ಕಡತವನ್ನು ಚುನಾವಣೆ ನೀತಿಸಂಹಿತೆಯ ಕಾರಣಕ್ಕೆ ಪಕ್ಕಕ್ಕಿಡುವುದು ನಮಗೆ ಗೊತ್ತಿಲ್ಲದ್ದೇ? ಅದೇ ಒಂದು ಕಂತಾಗಬಹುದಿತ್ತು.

ಇನ್ನೊಂದು ಗುಟ್ಟೂ ಇದೆ. ಜೇ ಮೊದಲಿನಿಂದಲೂ ಕಚೇರಿಗಳನ್ನು ನೋಡುತ್ತಾ ಬಂದವರು. ಹಾಸ್ಯನಟ ಜಾನ್ ಕ್ಲೀಸ್ ಜೊತೆ ಸೇರಿ 1972ರಲ್ಲಿ ‘ವಿಡಿಯೊ ಆರ್ಟ್ಸ್’ ಎಂಬ ಸಂಸ್ಥೆ ಕಟ್ಟಿ, ಸಭೆ ಹೇಗೆ ನಡೆಸಬೇಕು, ಗಿರಾಕಿಯ ಜೊತೆ ಹೇಗೆ ಮಾತಾಡಬೇಕು ಎಂದು ನೌಕರರಿಗೆ ನಗಿಸುತ್ತಾ ಕಲಿಸುವ ಚಿತ್ರಗಳನ್ನು ಮಾಡಿದವರು. ಧಾರಾವಾಹಿಗೆ ಸಾಮಗ್ರಿ ಒದಗಿಸಿದ್ದು ಮಂತ್ರಿ ರಿಚರ್ಡ್ ಕ್ರಾಸ್‌ಮನ್ ಅವರ ದಿನಚರಿ ಮತ್ತು ಪ್ರಧಾನಿ ಹೆರಾಲ್ಡ್ ವಿಲ್ಸನ್ ಹತ್ತಿರ ಕೆಲಸ ಮಾಡಿದ್ದ ಮಾರ್ಷಿಯಾ ವಿಲಿಯಮ್ಸ್, ಬರ್ನಾರ್ಡ್ ಡೊನಹ್ಯೂ ಅಂಥವರು. ಅಂದರೆ ಒಳಗಿನವರು. ಒಳಗಿನವರು ಚಾಡಿ ಹೇಳದೆ ಕಥೆಯಾಗುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಕಂತು ಆಸ್ಪತ್ರೆಯದು. ಹೊಸದಾಗಿ ಕಟ್ಟಿದ ದೊಡ್ಡ ಆಸ್ಪತ್ರೆ. ಆಡಳಿತ ಸಿಬ್ಬಂದಿ, ಗುಮಾಸ್ತರು, ಅಡುಗೆಯವರು, ಮಾಲಿಗಳು ಎಲ್ಲ ಸೇರಿ 500 ಜನ. ವೈದ್ಯರಿಲ್ಲ, ದಾದಿಯರಿಲ್ಲ. ಮುಖ್ಯವಾಗಿ, ರೋಗಿಗಳಿಲ್ಲ. ದುಡ್ಡು ಸಿಬ್ಬಂದಿಗೇ ಮುಗಿದುಹೋಗಿದೆ. ಹ್ಯಾಕರ್ ಹೌಹಾರುತ್ತಾನೆ. ಹಂಫ್ರಿಗೆ ಮಂತ್ರಿ ಯಾಕೆ ಹೌಹಾರುತ್ತಿದ್ದಾರೆ ಎಂಬುದೇ ಅರ್ಥವಾಗುವುದಿಲ್ಲ. ಯುದ್ಧವಿಲ್ಲವೆಂದು ಸೈನ್ಯವನ್ನು ಮನೆಗೆ ಕಳಿಸುತ್ತೀರಾ ಎನ್ನುವುದು ಅವನ ವಾದ. ಮಂತ್ರಿ ಖುದ್ದಾಗಿ ನೋಡಲು ಹೋಗುತ್ತಾನೆ. ಅಲ್ಲಿಯ ಆಡಳಿತಾಧಿಕಾರಿಣಿ ಖಾಲಿ ವಾರ್ಡು, ಖಾಲಿ ಶಸ್ತ್ರಚಿಕಿತ್ಸಾ ಕೊಠಡಿಗಳನ್ನೆಲ್ಲ ಅಭಿಮಾನದಿಂದ ತೋರಿಸುತ್ತಾಳೆ. ದೇಶದಲ್ಲೇ ಅತ್ಯಂತ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಗಳಲ್ಲೊಂದು, ಚೊಕ್ಕತನದ ಪ್ರಶಸ್ತಿಗೂ ಹೆಸರು ಹೋಗಿದೆ.

ಈ ಕಂತಿಗೆ ನಾನು ನಗುವುದು ಖಾಲಿ ಮಂಚಗಳನ್ನು ನೋಡಿಯಲ್ಲ, ಆ ಹೆಂಗಸಿನ ಮುಖ ನೋಡಿ. ಅವಳು ಕಳ್ಳಿಯಲ್ಲ, ಸೋಮಾರಿಯೂ ಅಲ್ಲ. ಬೆಳಗಿನಿಂದ ಸಂಜೆವರೆಗೆ ದುಡಿಯುತ್ತಾಳೆ. ಸಿಬ್ಬಂದಿಯ ಸಮಸ್ಯೆ, ಸಾಮಾನು ಖರೀದಿ, ಯೋಜನೆ, ಸಭೆ... ರೋಗಿಗಳು ಬಂದರೆ ಎಲ್ಲ ಹಾಳಾಗುತ್ತದೆ. ನಮ್ಮ ದಾಸ್ತಾನು ಕೊಠಡಿಯಲ್ಲಿ ಗುಮಾಸ್ತರೊಬ್ಬರು ಇದ್ದರು. ಪೆನ್ಸಿಲು, ಫೈಲು, ರಬ್ಬರು ಎಲ್ಲವನ್ನೂ ಸಾಲಾಗಿ, ಲೆಕ್ಕಕ್ಕೆ ಸರಿಯಾಗಿ ಜೋಡಿಸಿಟ್ಟಿದ್ದರು. ಯಾರಾದರೂ ಒಂದು ಡಜನ್ ಪೆನ್ಸಿಲು ಕೇಳಿದರೆ ಅವರ ಮುಖ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಆಗುತ್ತಿತ್ತು.

ಪ್ರಧಾನಿಯಾದ ಮೇಲಿನ ಕಂತುಗಳಲ್ಲಿ ಬೀಗದ ಕೈಯ ಪ್ರಸಂಗವನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಷ್ಟು ಹೊತ್ತಿಗೆ ಸರ್ ಹಂಫ್ರಿಗೂ ಬಡ್ತಿಯಾಗಿ ಸಂಪುಟ ಕಾರ್ಯದರ್ಶಿಯಾಗಿದ್ದಾನೆ. ಅವನ ಕಚೇರಿಗೂ ಡೌನಿಂಗ್ ಸ್ಟ್ರೀಟಿನ ಹತ್ತನೆಯ ನಂಬರಿನ ಪ್ರಧಾನಿ ನಿವಾಸಕ್ಕೂ ನಡುವೆ ಒಂದು ಬಾಗಿಲು. ಅದರ ಕೀಲಿ ಅವನ ಜೇಬಿನಲ್ಲಿ. ಯಾವಾಗ ಬೇಕಾದರೂ ಬರಬಹುದು. ಬಂದ ಕೂಡಲೇ ಮಾಡಿದ ಕೆಲಸವೆಂದರೆ, ಪ್ರಧಾನಿಯ ರಾಜಕೀಯ ಸಲಹೆಗಾರ್ತಿ ಡೊರೊಥಿಯನ್ನು ಅವಳ ಕೋಣೆಯಿಂದ ಎತ್ತಂಗಡಿ ಮಾಡಿಸಿದ್ದು. ಕೋಣೆ ಹೋದರೇನು ಎನ್ನುತ್ತಾನೆ ಹ್ಯಾಕರ್. ಅವಳು ಬಿಡಿಸಿ ಹೇಳುತ್ತಾಳೆ: ಆ ಕೋಣೆಯ ಎದುರಿಗೇ ಗಂಡಸರ ಶೌಚಾಲಯ. ಸಂಪುಟ ಸಭೆಯ ಮಧ್ಯೆ ಎದ್ದು ಬರುವ ಮಂತ್ರಿಗಳು ಪ್ರಧಾನಿಯ ಬಗ್ಗೆ ಮನಬಿಚ್ಚಿ ಮಾತಾಡುವುದು ಅಲ್ಲೇ. ಹ್ಯಾಕರ್‌ಗೆ ಜ್ಞಾನೋದಯವಾಗಿ ಕೋಣೆ ವಾಪಸ್ಸು ಕೊಡಿಸಿ, ಹಂಫ್ರಿಯ ಕೀಲಿಯನ್ನು ಕಿತ್ತುಕೊಳ್ಳುತ್ತಾನೆ, ಬೀಗವನ್ನೂ ಬದಲಿಸಿಬಿಡುತ್ತಾನೆ. ಆಮೇಲಿನ ಹತ್ತು ನಿಮಿಷ ಸರ್ ಹಂಫ್ರಿ ಆಪಲ್‌ಬಿ ಎಂಬ ಮಹಾನುಭಾವ ಬಾಗಿಲು ಬಡಿದು, ಫೋನು ಮಾಡಿ, ಬರ್ನಾರ್ಡ್‌ನನ್ನು ಗದರಿಸಿ, ಕೊನೆಗೆ ಕಿಟಕಿಯ ಹೊರಗೆ ಪ್ರತ್ಯಕ್ಷನಾಗುತ್ತಾನೆ. ಕಟ್ಟಡದ ಎಚ್ಚರಿಕೆ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ.

ಒಂದು ಕೀಲಿಗೆ ಇಷ್ಟೆಲ್ಲವೇ ಅನ್ನುವವರು ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ನಮ್ಮಲ್ಲಿ ಸಾಹೇಬರ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲು ಹಾಕುವುದುಂಟು. ಹೊಸದಾಗಿ ಬಡ್ತಿ ಪಡೆದವರೊಬ್ಬರು ಆ ಟವೆಲಿಗಾಗಿ ಟಿಪ್ಪಣಿ ಬರೆದು, ಅದು ಮಂಜೂರಾಗಿ ಬರುವಷ್ಟರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರದ ಜೊತೆಗೆ ಅದನ್ನೇ ಹೊದಿಸಿದೆವು.

ನನ್ನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ಅವನದು ಬೇರೆ ದೇವರು, ‘ದಿ ಆಫೀಸ್’. ಅದೂ ಮೂಲದಲ್ಲಿ 2001ರ ಬಿಬಿಸಿಯದೇ, ಆದರೆ ಅವನು ನೋಡುವುದು 2005ರಿಂದ 2013ರವರೆಗೆ ಬಂದ ಅಮೆರಿಕದ ಆವೃತ್ತಿ. ಸ್ಕ್ರಾಂಟನ್ ಎಂಬ ಊರಿನ ಕಾಗದ ಮಾರುವ ಕಂಪನಿಯ ಶಾಖೆ, 201 ಕಂತು. ಊಟದ ತಟ್ಟೆ ಮುಂದಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಹಾಕುತ್ತಾನೆ. ಅವನ ಜೊತೆ ಕೂತು ನಾನೂ ಕೆಲವು ನೋಡಿದೆ. ಅಲ್ಲಿಯ ಮ್ಯಾನೇಜರ್ ಮೈಕಲ್ ಸ್ಕಾಟ್‌ಗೆ ಎಲ್ಲರೂ ತನ್ನನ್ನು ಪ್ರೀತಿಸಬೇಕು. ನಗಿಸುತ್ತಾನೆ, ನಿಜ. ಆದರೆ ಅವನು ಬಾಯಿ ತೆರೆದಾಗಲೆಲ್ಲ ನನಗೆ ಮುಜುಗರವಾಗಿ ಎದ್ದು ಹೋಗಿ ನೀರು ಕುಡಿಯಬೇಕೆನಿಸುತ್ತದೆ. “ಅದೇ ಅಪ್ಪಾ ಕಾಮಿಡಿ” ಅನ್ನುತ್ತಾನೆ ಮಗ. “ನಿಮ್ದರಲ್ಲಿ ಎಲ್ರೂ ಬುದ್ಧಿವಂತರೇ. ನಮ್ಮ ಆಫೀಸಲ್ಲಿ ಹಾಗಿರಲ್ಲ.” ಇರಬಹುದು. ಹಿಂದಿಯಲ್ಲಿ 2001ರಲ್ಲಿ ‘ಜೀ ಮಂತ್ರೀಜಿ’ ಎಂದು ನನ್ನ ಧಾರಾವಾಹಿಯನ್ನೇ ಮಾಡಿದರು. ಫಾರೂಕ್ ಶೇಖ್ ಅವರ ಮುಗ್ಧ ಮುಖ ಮಂತ್ರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೂ ನಮ್ಮ ಕಚೇರಿಯ ಧೂಳು ಅದರಲ್ಲಿ ಸಾಲದು ಅನಿಸಿತು.

ಅಧಿಕಾರದವರಿಗೂ ‘ಯೆಸ್ ಮಿನಿಸ್ಟರ್’ ಇಷ್ಟವಾಯಿತು ಅನ್ನುವುದೇ ಒಂದು ತಮಾಷೆ. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಇದರ ದೊಡ್ಡ ಅಭಿಮಾನಿ. 1984ರ ಜನವರಿಯಲ್ಲಿ ಧಾರಾವಾಹಿಗೆ ಪ್ರಶಸ್ತಿ ಕೊಡುವ ಸಮಾರಂಭದಲ್ಲಿ ತಾವೇ ಒಂದು ಪುಟ್ಟ ಪ್ರಹಸನ ತಂದು, ಎಡಿಂಗ್ಟನ್ ಮತ್ತು ಹಾಥಾರ್ನ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆಡಿದರು. ಅರ್ಥಶಾಸ್ತ್ರಜ್ಞರನ್ನೆಲ್ಲ ರದ್ದು ಮಾಡುವುದು ಅದರ ವಸ್ತು. ನಟರಿಬ್ಬರಿಗೂ ಮನಸ್ಸಿರಲಿಲ್ಲ, ಆದರೆ ಪ್ರಧಾನಿಗೆ ಇಲ್ಲ ಅನ್ನುವುದು ಹೇಗೆ? ಲಿನ್ ಪ್ರಶಸ್ತಿ ತೆಗೆದುಕೊಳ್ಳುತ್ತಾ, ಹಾಸ್ಯ ಧಾರಾವಾಹಿಯ ಲೋಕದಲ್ಲಿ ತಮಗೆ ಸಲ್ಲಬೇಕಾದ ಸ್ಥಾನವನ್ನು ಪ್ರಧಾನಿಗಳು ಕೊನೆಗೂ ಅಲಂಕರಿಸಿದ್ದಕ್ಕೆ ಕೃತಜ್ಞತೆ ಹೇಳಿದರಂತೆ. ಸಭೆ ನಕ್ಕಿತು. ನಗದೆ ಉಳಿದವರು ಒಬ್ಬರೇ.

ಬೈಸಿಕೊಂಡವರೂ ಕೂತು ನೋಡುತ್ತಾರೆ ಎಂದರೆ, ಬಹುಶಃ ಅದರಲ್ಲಿ ಬೈಗುಳವೇ ಇಲ್ಲ. ಹ್ಯಾಕರ್ ಗೆಲ್ಲಲಿ, ಸೋಲಲಿ, ಹೆಚ್ಚಿನ ಕಂತುಗಳು ಮುಗಿಯುವುದು ‘ಯೆಸ್ ಮಿನಿಸ್ಟರ್’ ಎಂಬ ಎರಡೇ ಪದಗಳಲ್ಲಿ. ಒಂದೊಂದು ಸಲ ಅದರಲ್ಲಿ ಗೆದ್ದ ತೃಪ್ತಿ, ಒಂದೊಂದು ಸಲ ಹಲ್ಲು ಕಚ್ಚಿದ ವಿಧೇಯತೆ. ಮಾರನೆಯ ವಾರ ಇಬ್ಬರೂ ಅದೇ ಮೇಜಿನ ಆಚೀಚೆ. ಯಾರೂ ಯಾರನ್ನೂ ಮುಗಿಸಿಹಾಕುವುದಿಲ್ಲ, ನಾಳೆಯೂ ಇಲ್ಲೇ ಬರಬೇಕಲ್ಲ.

ನಾನು ಮಾತ್ರ ಇತ್ತೀಚೆಗೆ ಅವರಿಬ್ಬರನ್ನು ಬಿಟ್ಟು ಮೂರನೆಯವನನ್ನೇ ನೋಡುತ್ತೇನೆ. ಬರ್ನಾರ್ಡ್. ಡೆರೆಕ್ ಫೌಲ್ಡ್ಸ್ ಆ ಪಾತ್ರವನ್ನು ಬಹುಮಟ್ಟಿಗೆ ಬಾಗಿಲ ಬಳಿ ನಿಂತುಕೊಂಡೇ ಮಾಡಿದ್ದಾರೆ. ಅವನಿಗೆ ವ್ಯಾಕರಣದ ಹುಚ್ಚು. ಸರ್ಕಾರ ಉರುಳುವ ಹೊತ್ತಿನಲ್ಲೂ ಮಂತ್ರಿಯ ಉಪಮೆ ತಪ್ಪಾಗಿದ್ದರೆ ತಿದ್ದುತ್ತಾನೆ. ಒಂದೇ ಕೆಲಸಕ್ಕೆ ನಾನು, ನೀನು, ಅವನು ಎಂದು ಪುರುಷ ಬದಲಾದ ಹಾಗೆ ಕ್ರಿಯಾಪದವೇ ಬೇರೆಯಾಗುತ್ತದೆ ಎಂಬುದು ಅವನ ಸಂಶೋಧನೆ. ನಮ್ಮಲ್ಲೂ ಅದು ಸಾಧು. ನಾನು ಪರಿಶೀಲಿಸುತ್ತಿದ್ದೇನೆ, ನೀನು ತಡ ಮಾಡುತ್ತಿದ್ದೀಯ, ಅವನು ಕಡತದ ಮೇಲೆ ಕೂತಿದ್ದಾನೆ.

ಮೊನ್ನೆ ಒಂದು ಕಾಗದ ಬಂತು. ನನ್ನ ಪಿಂಚಣಿ ಪರಿಷ್ಕರಣೆಯ ಬಾಕಿ ವಿಷಯವಾಗಿ ಕೊಟ್ಟಿದ್ದ ಮನವಿಗೆ ಉತ್ತರ. ಲಕೋಟೆ ಒಡೆಯುವ ಮೊದಲೇ ಒಳಗಿನ ವಾಕ್ಯ ನನಗೆ ಬಾಯಿಪಾಠ: ತಮ್ಮ ಮನವಿಯು ಪರಿಶೀಲನೆಯಲ್ಲಿದ್ದು, ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಅದನ್ನು ಬರೆದೇ ಅಲ್ಲವೆ ನಾನು ಪಿಂಚಣಿ ಸಂಪಾದಿಸಿದ್ದು. ಬಿಡಿಸಿ ನೋಡಿದೆ. ವಿಷಯ, ಉಲ್ಲೇಖ, ಮಾನ್ಯರೇ ಎಲ್ಲ ಕ್ರಮವಾಗಿತ್ತು. ಅದರ ಕೆಳಗೆ ಮೂರು ಸಾಲು: ‘ತಮ್ಮ ಸೇವಾ ಪುಸ್ತಕ ನನಗೆ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ. ಸಿಕ್ಕ ಕೂಡಲೇ ತಿಳಿಸುತ್ತೇನೆ.’ ಕೆಳಗೆ ದುಂಡನೆಯ ಅಕ್ಷರದಲ್ಲಿ ಒಂದು ರುಜು, ಯಾರೋ ಹೊಸದಾಗಿ ಸೇರಿದ ಹುಡುಗಿಯದಿರಬೇಕು.

ಮೂರು ವಾಕ್ಯ, ಮೂರು ಕ್ರಿಯಾಪದ, ಮೂರಕ್ಕೂ ವಾರಸುದಾರರಿದ್ದಾರೆ! ಓದಿ ಮೈ ಜುಮ್ಮೆಂದಿತು. ಸಂತೋಷಕ್ಕೋ ಗಾಬರಿಗೋ ತಿಳಿಯಲಿಲ್ಲ. ಈ ಮಗುವಿಗೆ ಹೇಳಿಕೊಡುವವರು ಯಾರೂ ಇಲ್ಲವೇ, ನಾಳೆ ಇದೇ ಕಾಗದ ಹಿಡಿದು ಯಾರಾದರೂ ಮೇಲಿನವರ ಹತ್ತಿರ ಹೋದರೆ ಇವಳ ಗತಿಯೇನು ಎಂದು ಯೋಚಿಸುತ್ತಾ ಕೂತೆ.

“ಏನಂತೆ?” ಎಂದಳು ಇವಳು, ರಿಪೇರಿಯಾಗಿ ಬಂದ ಮಿಕ್ಸಿಯ ಜಾರು ಒರೆಸುತ್ತಾ. ತಾನೇ ಹೋಗಿ ಮಾಡಿಸಿಕೊಂಡು ಬಂದಿದ್ದಳು.

ಕಾಗದ ಅವಳ ಕೈಗೆ ಕೊಟ್ಟೆ. ಓದಿ, “ಎಷ್ಟು ಚೆನ್ನಾಗಿ ಬರೆದಿದೆ ಹುಡುಗಿ. ಅದ್ಯಾಕೆ ಮಧ್ಯದಲ್ಲಿ ಗೀಟು ಹಾಕಿದ್ದೀರಿ?” ಎಂದಳು.

ಬಗ್ಗಿ ನೋಡಿದೆ. ‘ಸಿಕ್ಕಿಲ್ಲ’ ಎಂಬುದರ ಮೇಲೆ ಪೆನ್ಸಿಲಿನ ಗೆರೆ, ಅದರ ಮೇಲೆ ಚಿಕ್ಕದಾಗಿ, ನನ್ನದೇ ಅಕ್ಷರದಲ್ಲಿ: ಸದ್ಯ ಲಭ್ಯವಾಗಿರುವುದಿಲ್ಲ.